ಭಾಸ್ಕರ ಅಲ್ರೀ, ಬಾಸ್ಕರ್ವಿಲ್!

"ಹಲೋ... ಹಲೋ, ಯಾರ್ರೀ ಮಾತಾಡೋದು?... ಹಾಂ, ಹುಬ್ಬಳ್ಳಿ ಹುಸೇನಬಾಷಾ ಛಾಪಖಾನಿರಿ. ಮಾಲಕರು ಊರಾಗಿಲ್ಲ. ನಾ ಅಲ್ಲಾಸಾಬ, ಅಚ್ಚಿನ ಮೊಳಿ ಜೋಡಸಾಂವ... ಯಾರು? ಧಾರವಾಡದ ಫೌಜದಾರ ಸಾಹೇಬ್ರಾ?"

ಅಲ್ಲಾಸಾಬ ದಿಗ್ಗನೆ ಎದ್ದು ನಿಂತ. ಫೋನಿಗೆ ಕಣ್ಣಿಲ್ಲವೆಂದು ಗೊತ್ತಿದ್ದರೂ ಟೋಪಿ ಸರಿಮಾಡಿಕೊಂಡ.

"ಕರಪತ್ರ?... ಬಿಳೇ ಮಂದಿ ದೇಶ ಬಿಟ್ಟು ಹೋಗ್ರಿ ಅಂತ, ಇಂಗ್ಲೀಷಿನ್ಯಾಗ?... ತೋಬಾ ತೋಬಾ! ನಮಗ್ಯಾಕ್ರಿ ಆ ಉಸಾಬರಿ?"

ಅಚ್ಚು ಹಾಕಿದವನು ಅವನೇ. ಅದಕ್ಕೆ ಬಳಸಿದ ಮೊಳೆಗಳೆಲ್ಲ ಈಗ ಹೆಂಡತಿ ಮೀರಾಬಿಯ ಜೋಳದ ಚೀಲದ ತಳ ಸೇರಿದ್ದವು. ಸಿಕ್ಕಿಬಿದ್ದರೆ ಎರಡು ವರ್ಷ ಜೈಲು.

"ಅಕ್ಷರ ಒಂದಽ ನಮೂನಿ ಅದಾವಾ?... ಎದರ ಜೋಡಿ ಹಚ್ಚಿ ನೋಡಿದ್ರಿ?... ಹಾಂ, ಕಾಲೇಜ್ ಗ್ಯಾದರಿಂಗಿನ ಆಮಂತ್ರಣ. ಅದು ನಮ್ದಽ ಖರೇ. ಅದು ಕ್ಯಾಸ್ಲನ್ ಅನ್ನೋ ನಮೂನಿ ಮೊಳಿರಿ. ಕರಪತ್ರದ್ದು ಬಾಸ್ಕರ್ವಿಲ್ ಇರಬೇಕು... ಭಾಸ್ಕರ ಅಲ್ರೀ, ಬಾಸ್ಕರ್ವಿಲ್!... ಯಾವ ಓಣ್ಯಾಗೂ ಇರಾಂಗಿಲ್ರಿ, ಅದು ಮೊಳಿ ಹೆಸರು. ಪೊಲೀಸರನ್ನ ಕಳಸಬ್ಯಾಡ್ರಿ..."

"ಎರಡಕ್ಕೂ ತುದಿಗೆ ಸಣ್ಣ ಪಾದ ಅದಾವ, ಅದಕ್ಕಽ ಒಂದಽ ಅನಸತಾವ. ಸಣ್ಣ ಜಿ ನೋಡ್ರಿ, ಕೆಳಗಿನ ಹೊಟ್ಟಿ... ಛೇ ಛೇ, ನಿಮ್ಮ ಹೊಟ್ಟಿ ಅಂದಿಲ್ರೀ ಸಾಹೇಬ್ರ! ಜಿ ಹೊಟ್ಟಿ! ಆಮಂತ್ರಣದಾಗ ಪೂರಾ ಮುಚ್ಚೇತಿ, ಹೌದಲ್ರಿ?... ಕರಪತ್ರದಾಗ?... ತೆರದೈತಿ? ಮತ್ತ!"

"ದೊಡ್ಡ ಎ ನೆತ್ತಿ ನೋಡ್ರಿ. ನಮ್ಮದರಾಗ ಒಂದ ಮಗ್ಗಲಕ ಕೆತ್ತಿಧಾಂಗ ಐತಿ... ಕಾಣಸ್ತೇನ್ರಿ?... ಚಷ್ಮಾ ಹಾಕ್ಕೊಂಡು ನೋಡ್ರಿ... ಹಾಂ! ಕರಪತ್ರದಾಗ ಹಂಗಿಲ್ಲ, ಹೌದಲ್ರಿ?... ನಮ್ಮದಲ್ಲ ಅಂತ ಬರಕೋತೀರಾ? ಭಾಳ ಉಪಕಾರ ಆತ್ರಿ."

ಅಲ್ಲಾಸಾಬನಿಗೆ ಹೋದ ಜೀವ ಬಂದಂತಾಯಿತು. ಫೋನು ಇಡುವುದೊಂದೇ ಬಾಕಿ.

"ಏನಂದ್ರಿ?... ಮೂರನೇ ಸಾಲಿನ್ಯಾಗ ತಪ್ಪು? ಎನ್ ತಲಿಕೆಳಗಾಗಿ ಯು ಆಗೇತಿ?... ಯಾವ ದಡ್ಡ ಜೋಡಿಸ್ಯಾನ ಅಂತೀರಾ?"

ಮೂವತ್ತು ವರ್ಷದ ಕಸುಬಿನಲ್ಲಿ ಅವನನ್ನು ಯಾರೂ ದಡ್ಡ ಅಂದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಆಗಾಕ ಶಕ್ಯನಽ ಇಲ್ಲ! ಎರಡೆರಡು ಸಲ ಪ್ರೂಫ್ ನೋಡೇನ್ರಿ ನಾ!"

...

"ಹಲೋ?... ಸಾಹೇಬ್ರ?... ಹಲೋ?"

ಲೈನು ಕಡಿದಿತ್ತು. ಹಾಳಾದ್ದು ದಿನಾ ಅರ್ಧ ಮಾತಿಗೇ ಕಡಿಯುತ್ತಿತ್ತು. ಇವತ್ತು ಮಾತ್ರ ಅವನ ಮಾತು ಪೂರ್ತಿ ಮುಗಿಯುವವರೆಗೆ ಕಾದಿತ್ತು.