ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ

ಸಭಾಧ್ಯಕ್ಷರೂ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದ ಸೈರಾಗುಲ್ ಅವರೇ, ಜಿಲ್ಲಾ ಶಿಕ್ಷಣ ಇಲಾಖೆಯಿಂದ ಬಂದಿರುವ ಮುಖ್ಯ ಅತಿಥಿ ಶರ್ಶೆನ್‌ಬೇಕ್ ಅವರೇ, ಊರಿನ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಸದ್ದಾಗದಂತೆ ಸೂರ್ಯಕಾಂತಿ ಬೀಜ ಒಡೆಯುತ್ತಿರುವ ಹತ್ತನೆಯ ತರಗತಿಯವರೇ, ಸಭಿಕರೇ,

ಈ ಚಳಿಯಲ್ಲಿ ನೀವೆಲ್ಲರೂ ಬಂದಿದ್ದೀರಿ. ಶಾಲೆಯ ಕಂಪ್ಯೂಟರ್ ಕೋಣೆಗೆ ನನ್ನ ಮಗಳ ನೆನಪಿನಲ್ಲಿ ಹೆಸರಿಡಬೇಕೆಂದು ನೀವೇ ತೀರ್ಮಾನಿಸಿದ್ದೀರಿ. ಅದಕ್ಕಾಗಿ ನಿಮಗೆ ನನ್ನ ಕೃತಜ್ಞತೆಗಳು. ಕೃತಜ್ಞತೆ ಹೇಳಿಯಾಯಿತು. ಇನ್ನು ನಿಮ್ಮ ಅನುಕಂಪದ ವಿಚಾರ. ಅದನ್ನು ನಾನು ಸ್ವೀಕರಿಸುವುದಿಲ್ಲ.

ಬಾಗಿಲಿನಿಂದ ಈ ವೇದಿಕೆಯವರೆಗೆ ನಡೆದು ಬರುವಾಗ ಎಷ್ಟೋ ಕೈಗಳು ನನ್ನ ಕೈ ಹಿಡಿದವು. ಎಲ್ಲರೂ ಎರಡೇ ಮಾತು ಆಡಿದಿರಿ. "ಧೈರ್ಯ ತಂದುಕೊಳ್ಳಿ" ಎಂದಿರಿ. ಧೈರ್ಯವನ್ನು ಎಲ್ಲಿಂದ ತರಬೇಕೆಂದು ಯಾರೂ ಹೇಳಲಿಲ್ಲ. "ಅವಳ ಮೇಲಿನ ಮಣ್ಣು ರೇಷ್ಮೆಯಾಗಲಿ" ಎಂದಿರಿ. ನಮ್ಮ ಗುಡ್ಡದ ಮಣ್ಣು ನಿಮಗೆಲ್ಲ ಗೊತ್ತಿರುವುದೇ. ಅದರಲ್ಲಿ ಅರ್ಧ ಕಲ್ಲು. ಮೊದಲ ಸಲಿಕೆ ಹಾಕಿದವನು ನಾನು. ರೇಷ್ಮೆಯ ಸದ್ದು ನನಗೆ ಕೇಳಿಸಲಿಲ್ಲ.

ವರ್ಷದ ಊಟ ಕಳೆದ ವಾರ ಮುಗಿದಿದೆ. ಕುದುರೆ ಕಡಿದಿದ್ದೇವೆ, ನೀವು ಉಂಡಿದ್ದೀರಿ, ನನ್ನ ಹೆಂಡತಿ ಅನಾರ್ಕುಲ್ ಕಪ್ಪು ರುಮಾಲು ತೆಗೆದು ಬಿಳಿಯದನ್ನು ಕಟ್ಟಿಕೊಂಡಿದ್ದಾಳೆ. ಪದ್ಧತಿಯ ಪ್ರಕಾರ ದುಃಖ ಮುಗಿದಿದೆ. ಪದ್ಧತಿಯ ವಿರುದ್ಧ ವಾದಿಸಲು ನಾನು ಇಲ್ಲಿಗೆ ಬಂದಿಲ್ಲ.

ವಾದ ಎಂದಾಗ ನೆನಪಾಯಿತು. ರಾಜಧಾನಿ ಬಿಷ್ಕೆಕ್‌ಗೆ ಇನ್ನೂ ಫ್ರುಂಜೆ ಎಂದೇ ಹೆಸರಿದ್ದ ದಿನಗಳಲ್ಲಿ, ಅಲ್ಲಿನ ಶಿಕ್ಷಕರ ಕಾಲೇಜಿನ ಚರ್ಚಾಕೂಟದಲ್ಲಿ ಕಾಲ್ಮುರಾತ್ ಎಂಬ ನನ್ನ ಹೆಸರಿಗೆ ಸ್ವಲ್ಪ ಬೆಲೆಯಿತ್ತು. ಯಂತ್ರವು ಮನುಷ್ಯನ ಸೇವಕ ಎಂದು ವಾದಿಸಿ ಮೊದಲ ಸುತ್ತು ಗೆದ್ದೆ. ಯಂತ್ರವು ಮನುಷ್ಯನ ಒಡೆಯ ಎಂದು ವಾದಿಸಿ ಎರಡನೆಯ ಸುತ್ತು ಗೆದ್ದೆ. ಬಹುಮಾನವಾಗಿ ನನಗೊಂದು ಚಹಾ ಕಾಯಿಸುವ ಸಮೋವರ್ ಕೊಟ್ಟರು. ಅದು ಮೊದಲ ದಿನದಿಂದಲೂ ಸೋರುತ್ತದೆ. ಮನುಷ್ಯನೂ ಯಂತ್ರವೂ ಎಂಬ ವಿಷಯದಲ್ಲಿ ನನ್ನ ಅರ್ಹತೆ ಇಷ್ಟು.

ಈಗ ಹೆಸರಿನ ವಿಚಾರ. ಮುಖ್ಯ ಅತಿಥಿಗಳು ನಗರದಲ್ಲಿ ಬೆಳೆದವರು. ಅಲ್ಲಿ ಮನೆಯೊಳಗೂ ರಷ್ಯನ್ ಆಡುತ್ತಾರೆಂದು ಕೇಳಿದ್ದೇನೆ. ಆದ್ದರಿಂದ, ಉಳಿದವರಿಗೆ ಗೊತ್ತಿದ್ದರೂ, ಹೇಳುತ್ತೇನೆ. ನನಗೆ ನಾಲ್ಕು ಹೆಣ್ಣುಮಕ್ಕಳು. ಮೂರನೆಯದೂ ಹೆಣ್ಣಾದಾಗ ಊರಿನ ಕ್ರಮದಂತೆ ಬುರುಲ್ ಎಂದು ಹೆಸರಿಟ್ಟೆ. ತಿರುಗು ಎಂದರ್ಥ. ವಿಧಿ ಇನ್ನಾದರೂ ತಿರುಗಲಿ, ಮುಂದಿನದು ಗಂಡಾಗಲಿ ಎಂದು. ವಿಧಿ ತಿರುಗಲಿಲ್ಲ. ನಾಲ್ಕನೆಯದಕ್ಕೆ ಜಾಂಗಿಲ್ ಎಂದಿಟ್ಟೆ. ತಪ್ಪು ಎಂದರ್ಥ. ತಿರುಗದಿದ್ದರೆ ಬೇಡ, ವಿಧಿ ಒಮ್ಮೆ ಲೆಕ್ಕವನ್ನಾದರೂ ತಪ್ಪಲಿ ಎಂದು. ವಿಧಿ ತಪ್ಪಲಿಲ್ಲ. ಐದನೆಯ ಮಗು ಬರಲೇ ಇಲ್ಲ.

ಇದು ನಮ್ಮ ಪದ್ಧತಿ, ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಜಾಂಗಿಲ್ ಹನ್ನೆರಡರ ಹುಡುಗಿಯಾಗಿದ್ದಾಗ ಊಟದ ನಡುವೆ ತಲೆಯೆತ್ತಿ ಹೇಳಿದಳು:

"ಅಪ್ಪ, ನನ್ನ ಹೆಸರು ನನಗಿಟ್ಟಿದ್ದಲ್ಲ. ಹುಟ್ಟದೇ ಇರೋ ಆ ಹುಡುಗನಿಗೆ ಬರೆದ ಕಾಗದ ಅದು. ತಲುಪಿಸೋಕೆ ನಾನೊಬ್ಬಳು ಅಂಚೆಯವಳು, ಅಷ್ಟೇ."

ನಾನು ಪದ್ಧತಿಯ ಇತಿಹಾಸವನ್ನು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಸರಿ, ಗೆದ್ರಿ. ಉಪ್ಪು ಈ ಕಡೆ ಕೊಡಿ" ಎಂದಳು.

ಹದಿನಾರಕ್ಕೆ ಗುರುತಿನ ಚೀಟಿ ಮಾಡಿಸುವಾಗ ಯಾರು ಬೇಕಾದರೂ ಹೆಸರು ಬದಲಿಸಿಕೊಳ್ಳಬಹುದು. ಬದಲಿಸುತ್ತೇನೆಂದೇ ಹೋದವಳು ಅದೇ ಹೆಸರಿನೊಂದಿಗೆ ಹಿಂದಿರುಗಿದಳು. ಏಕೆಂದು ಕೇಳಿದೆ. "ಬದಲಿಸಿಬಿಟ್ರೆ ನಿಮ್ಮ ಜೊತೆ ಜಗಳ ಆಡೋಕೆ ನಂಗೇನು ಉಳಿಯುತ್ತೆ?" ಎಂದಳು. ಸಭಿಕರೇ, ಇದು ವಾದವೇ? ಅಲ್ಲ. ಆದರೂ ಇದಕ್ಕೆ ಪ್ರತಿವಾದ ಈವರೆಗೆ ನನಗೆ ಸಿಕ್ಕಿಲ್ಲ.

ಓದು ಮುಗಿಸಿ ಬಂದು ಇದೇ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿದಳು. ಯಾವುದೋ ಕಾಲದಲ್ಲಿ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳನ್ನು ತಂತಿ ಎಳೆದು ಒಂದಕ್ಕೊಂದು ಸೇರಿಸಿದಳು. ಒಂದೊಂದಕ್ಕೂ ನಮ್ಮೂರ ಕುದುರೆಗಳ ಹೆಸರಿಟ್ಟಳು. ಪ್ರಿಂಟರಿಗೆ ಅಜ್ಜಿ ಎಂದು ಹೆಸರು. ಬಹಳ ಹೊತ್ತು ಗೊಣಗಿದ ಮೇಲೆ ಒಂದು ಹಾಳೆ ಕೊಡುತ್ತದೆ ಎಂಬ ಕಾರಣಕ್ಕೆ. ಎಲ್ಲರ ಪಾಠ, ಅಂಕಪಟ್ಟಿ, ಅರ್ಜಿಗಳನ್ನು ತನ್ನೊಳಗಿಟ್ಟುಕೊಂಡು ಅಜ್ಜಿಯನ್ನೂ ತಾನೇ ನಡೆಸುವ ಮುಖ್ಯ ಕಂಪ್ಯೂಟರಿಗೆ ಅಪ್ಪ ಎಂದು ಹೆಸರಿಟ್ಟಳು. ಉಪ ಮುಖ್ಯೋಪಾಧ್ಯಾಯನಾಗಿ ಇದಕ್ಕೆ ಕಾರಣ ಕೇಳುವುದು ನನ್ನ ಕರ್ತವ್ಯವಾಗಿತ್ತು.

"ಎಲ್ರೂ ಅವನನ್ನ ಕೇಳ್ಕೊಂಡೇ ಮಾಡ್ಬೇಕು. ಅವನು ಮಾತ್ರ ಯಾರನ್ನೂ ಕೇಳಲ್ಲ" ಎಂದಳು.

ಹಿಂದಿನ ಸಾಲಿನವರು ಈಗ ನಗಬಹುದು. ಅಂದು ಇಡೀ ಶಿಕ್ಷಕರ ಕೋಣೆ ನಕ್ಕಿತ್ತು.

ಕಳೆದ ಚಳಿಗಾಲದಲ್ಲಿ ಅಪ್‌ಡೇಟ್ ಎಂಬುದು ಬಂತು. ಯಾರೂ ಕರೆದಿರಲಿಲ್ಲ. ಸಂಜೆ ಹೋಗುವಾಗ ಸರಿಯಿದ್ದ ಕುದುರೆಗಳೆಲ್ಲ ಬೆಳಿಗ್ಗೆ ಬರುವಷ್ಟರಲ್ಲಿ ಹೊಸ ರೂಪ ತಾಳಿದ್ದವು. ಅಪ್ಪ ಮಾತ್ರ ಬಹಳ ಹಳಬ. ಅವನು ಒಪ್ಪಿಗೆಗಾಗಿ ಕಾಯುತ್ತಿದ್ದ. ನಮ್ಮ ಭಾಷೆಯಲ್ಲಿ ಹೊಸದಾಗಿಸುವುದಕ್ಕೆ ಜಾಂಗಿಲೋ ಎನ್ನುತ್ತೇವೆ. ತಪ್ಪು ಎಂಬ ಪದಕ್ಕೂ ಅದಕ್ಕೂ ಕೊನೆಯಲ್ಲೊಂದು ಬಾಲದಷ್ಟೇ ವ್ಯತ್ಯಾಸ. ಪರದೆಯ ಮೇಲಿನ ಗುಂಡಿಯ ಅಗಲ ಸಾಲದೆ ಆ ಬಾಲ ಕತ್ತರಿಸಿಹೋಗಿತ್ತು. ಆದ್ದರಿಂದ ಅಪ್ಪನ ಪರದೆ ಹೀಗೆ ಕೇಳುತ್ತಿತ್ತು: "ಜಾಂಗಿಲ್? ಈಗ. ಆಮೇಲೆ."

ಮಕ್ಕಳು ಓಡಿಹೋಗಿ, "ಟೀಚರ್, ಟೀಚರ್, ಅಪ್ಪ ನಿಮ್ಮನ್ನ ಈಗಲೇ ಕರೀತಿದಾನೆ!" ಎಂದು ಕೂಗಿದರು.

"ಆಮೇಲೆ ಬರ್ತೀನಿ ಅಂತ ಒತ್ತಿ" ಎಂದಳು ಅವಳು.

ಹೊಸ ರೂಪದ ಕಂಪ್ಯೂಟರುಗಳಿಗೆ ಹಳೆಯ ಅಪ್ಪ ಕಾಣದೇ ಹೋದ. ಯಾವುದನ್ನು ತೆರೆದರೂ ಒಂದೇ ವಾಕ್ಯ: "ಅಪ್ಪ ಸಿಗುತ್ತಿಲ್ಲ. ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ." ಆ ವಾರವಿಡೀ ಈ ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಅಪ್ಪ ಸಿಗುತ್ತಿಲ್ಲ ಎಂದು ಕೂಗಾಡಿದ್ದು ನಿಮಗೆ ನೆನಪಿರಬಹುದು. ಅಜ್ಜಿ ಗೊಣಗುವುದನ್ನೂ ನಿಲ್ಲಿಸಿದಳು.

ತಯಾರಿಸಿದ ಕಂಪನಿಯವರು ಈ ಬಗ್ಗೆ ಒಂದು ಪುಟ ಪ್ರಕಟಿಸಿದ್ದರು. ಜಾಂಗಿಲ್ ನನಗೆ ಓದಿ ಹೇಳಿದಳು. ಕೆಲವು ಹಳೆಯ ಕಂಪ್ಯೂಟರುಗಳು ನೆಟ್‌ವರ್ಕಿನಲ್ಲಿ ಕಾಣದಿರಬಹುದು. ಈ ಸಮಸ್ಯೆ ನಮಗೆ ತಿಳಿದಿದೆ. ಮುಂದೊಮ್ಮೆ ಸರಿಪಡಿಸಲಾಗುವುದು.

ನಮಗೆ ತಿಳಿದಿದೆ! ಸಭಿಕರೇ, ಇಷ್ಟು ನೆಮ್ಮದಿಯ ವಾಕ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ. ಬಿಷ್ಕೆಕ್ ದಾರಿಯ ಘಟ್ಟದ ಮೇಲಿನ ತಿರುವಿನಲ್ಲಿ ಮಧ್ಯಾಹ್ನದ ನಂತರ ಮಂಜು ಗಾಜಾಗುತ್ತದೆ. ಅದು ತಿಳಿದಿರಲಿಲ್ಲವೇ? ತಿಳಿದಿತ್ತು. ಅವಳು ಹತ್ತಿದ ವ್ಯಾನಿನ ಹಿಂದಿನ ಟೈರು ಸವೆದಿತ್ತು. ಅದು ಚಾಲಕನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಇಂಥ ದಿನ ಹೋಗಬೇಡ ಎಂದರೂ ಅವಳು ಹೋಗುತ್ತಾಳೆಂದು ನನಗೆ ತಿಳಿದಿರಲಿಲ್ಲವೇ? ಈ ಕಥೆಯಲ್ಲಿ ಯಾರಿಗೂ ತಿಳಿಯದಿದ್ದದ್ದು ಯಾವುದೂ ಇಲ್ಲ.

ಅಪ್ಪನಿಗೆ ಹೊಂದುವ ಒಂದು ನೆಟ್‌ವರ್ಕ್ ಕಾರ್ಡ್ ತರಲು ಅವಳು ಬಿಷ್ಕೆಕ್‌ಗೆ ಹೋದಳು. ಹಿಂದಿರುಗುವ ದಾರಿಯಲ್ಲಿ ಫೋನ್ ಮಾಡಿದಳು. ನಮ್ಮ ಕೊನೆಯ ಸಂಭಾಷಣೆ ಅದು.

"ಅಪ್ಪ, ಕಾರ್ಡ್ ಸಿಕ್ತು. ನಾನು ಬರೋವರೆಗೂ ಶಾಲೆಯ ಅಪ್ಪನ್ನ ಯಾರಿಗೂ ಮುಟ್ಟೋಕೆ ಬಿಡ್ಬೇಡಿ. ನೀವಂತೂ ಮುಟ್ಟಲೇಬೇಡಿ."

"ನಾನೇಕೆ ಮುಟ್ಟಲಿ?" ಎಂದೆ.

"ನಿಮಗೆ ಈಗ ಅನ್ನೋ ಗುಂಡಿ ಕಂಡ್ರೆ ಸುಮ್ನೆ ಇರೋಕಾಗುತ್ತಾ? ಮಾತು ಕೊಡಿ."

ಮಾತು ಕೊಟ್ಟೆ.

ಕಾರ್ಡ್ ಮನೆಗೆ ಬಂತು. ಅವಳ ಕೋಟಿನ ಜೇಬಿನಲ್ಲಿತ್ತು, ಪೊಲೀಸರು ತಂದುಕೊಟ್ಟರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮಾರನೆಯ ವಾರ ಕಂಪನಿಯ ತಿದ್ದುಪಡಿಯೂ ಬಂತು. ಅಪ್ಪನನ್ನೂ ಹೊಸದಾಗಿಸಿದರೆ ಎಲ್ಲರಿಗೂ ಕಾಣುತ್ತಾನೆ, ಯಾವ ಕಾರ್ಡೂ ಬೇಕಿಲ್ಲ. ಸಮಸ್ಯೆ ಬಗೆಹರಿದಿದೆ ಎಂದು ಅದೇ ಪುಟದಲ್ಲಿ ಬರೆದರು.

ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಪ್ಪನನ್ನು ಮನೆಗೆ ಹೊತ್ತುಕೊಂಡು ಹೋದೆ. ಗೌರವದ ಜಾಗದಲ್ಲಿ, ಬಾಗಿಲಿಗೆ ಎದುರಾಗಿ ಇಟ್ಟೆ. ಅನಾರ್ಕುಲ್ ಕಸೂತಿ ಬಟ್ಟೆ ಹೊದಿಸಿದಳು. ನಮ್ಮ ಕಡೆ ಗೌರವದ ಜಾಗದಲ್ಲಿ ಯಾರಿದ್ದರೂ ಅವರ ಮುಂದೆ ತಿಂಡಿ ಇಡಬೇಕು. ಬಂದವರು ಅದರ ಮುಂದೆಯೂ ಕರಿದ ಬೊರ್ಸೋಕ್ ಇಟ್ಟರು. ನಾನು ಪ್ರತಿ ಬೆಳಿಗ್ಗೆ ಬಟ್ಟೆ ಸರಿಸಿ ಯಂತ್ರವನ್ನು ಹಚ್ಚುತ್ತಿದ್ದೆ. ಅದು "ಜಾಂಗಿಲ್?" ಎಂದು ಕೇಳುತ್ತಿತ್ತು. ನಾನು "ಆಮೇಲೆ" ಎಂಬುದನ್ನು ಒತ್ತುತ್ತಿದ್ದೆ. ಆ ಮನೆಯಲ್ಲಿ ಅವಳ ಹೆಸರು ಹಿಡಿದು ಪ್ರಶ್ನೆ ಕೇಳುತ್ತಿದ್ದದ್ದು ಅದೊಂದೇ. ಉಳಿದವರೆಲ್ಲ ನನ್ನೆದುರು ಹೆಸರೆತ್ತದಂತೆ ಎಚ್ಚರ ವಹಿಸಿದ್ದರು. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಇರಲಿ, ಮುಂದಕ್ಕೆ ಹೋಗೋಣ.

ಸೈರಾಗುಲ್ ಅವರು ಮೂರು ಬಾರಿ ಮನೆಗೆ ಬಂದರು. ಅಪ್ಪನ ವಿಷಯ ಎತ್ತದೆ ಮೂರು ಬಾರಿಯೂ ಚಹಾ ಕುಡಿದು ಹೋದರು. ಅವರ ಸೌಜನ್ಯಕ್ಕೆ ನಾನು ಋಣಿ. ಸೌಜನ್ಯವಿಲ್ಲದೆ ಬಂದವರು ಒಬ್ಬರೇ, ಹಾಲಿನ ಡಿಪೋದ ತುರ್ಸುನಾಯ್. ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ನಿಂತು ಹೇಳಿದರು:

"ಅಗಾಯ್, ಮೇಷ್ಟ್ರೇ, ನಿಮ್ಮ ದುಃಖ ದೊಡ್ಡದು, ಒಪ್ಕೋತೀನಿ. ನನ್ನ ಮಗಳ ಅರ್ಜಿ ಚಿಕ್ಕದು, ಒಂದೇ ಹಾಳೆ. ಅದೂ ನಿಮ್ಮ ಈ ಬೊರ್ಸೋಕ್ ತಿನ್ನೋ ಪೆಟ್ಟಿಗೆಯಿಂದ ಈಚೆ ಬರ್ತಿಲ್ಲ. ನರ್ಸಿಂಗ್ ಶಾಲೆಗೆ ನಾಳೆಯೇ ಕೊನೆ ದಿನ. ಏನ್ಮಾಡ್ಲಿ ಹೇಳಿ."

ನಾನು ಕೊಟ್ಟ ಮಾತಿನ ಬಗ್ಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. "ಸರಿ, ಹಾಗಾದ್ರೆ ಅವಳೇ ಬಿಷ್ಕೆಕ್‌ಗೆ ಹೋಗ್ತಾಳೆ ಬಿಡಿ" ಎಂದರು.

ಆ ಹುಡುಗಿ ಹೋದಳು. ಒಂದು ಹಾಳೆಯ ಸಲುವಾಗಿ, ಅದೇ ಘಟ್ಟ ಹತ್ತಿ, ಅಂಥದೇ ಒಂದು ವ್ಯಾನಿನಲ್ಲಿ. ನಾನು ಮಧ್ಯಾಹ್ನ ರಸ್ತೆಗೆ ಹೋಗಿ ನಿಂತೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದವರು, "ಅಗಾಯ್, ಯಾರನ್ನ ಕಾಯ್ತಿದೀರ?" ಎಂದು ಕೇಳಿದರು. ಅವರ ಕುರಿ ಎಷ್ಟೆಂದು ಕೇಳಿ ಮಾತು ತಿರುಗಿಸಿದೆ. ಇದು ನನ್ನ ಸಾರ್ವಜನಿಕ ಜೀವನದಲ್ಲಿ ಮೊದಲು. ಸಂಜೆ ವ್ಯಾನ್ ಬಂತು. ಅವಳು ಇಳಿದಳು. ಮೂಗು ಕೆಂಪಾಗಿತ್ತು. ನನ್ನನ್ನು ಕಂಡು ತನ್ನ ಮೇಲೆ ದೂರು ಹೇಳಲು ನಿಂತಿದ್ದೇನೆಂದು ತಿಳಿದು ಹೆದರಿದಳು. ಸೀಟು ಸಿಕ್ಕಿದೆಯಂತೆ. ಇಲ್ಲಿಯೇ ಎಲ್ಲೋ ಕುಳಿತಿರಬೇಕು, ರಜೆಗೆ ಬಂದಿದ್ದಾಳೆ.

ಕೊನೆಯದಾಗಿ ಫಲಕದ ವಿಚಾರ. ಮೊನ್ನೆ ಶರ್ಶೆನ್‌ಬೇಕ್ ಅವರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮೃದುವಾಗಿ ಹೇಳಿದರು: "ಅಕ್ಸಕಾಲ್, ಹಿರಿಯರು ನೀವು, ತಪ್ಪು ತಿಳೀಬೇಡಿ. ಶಾಲೆಯ ಕೋಣೆ ಮೇಲೆ ತಪ್ಪು ಅಂತ ಬರೆಸಿದ್ರೆ ಇಡೀ ಜಿಲ್ಲೆ ನಗುತ್ತೆ. ಅದಕ್ಕೇ ಸ್ವಲ್ಪ ಸರಿ ಮಾಡಿಸಿದೀವಿ. ಒಂದು ಬಾಲ ಅಷ್ಟೇ." ಫಲಕದಲ್ಲಿ ಜಾಂಗಿಲೋ ಎಂದಿತ್ತು. ನವೀಕರಣ ಕೋಣೆ. ಪರದೆಯ ಮೇಲೆ ಕತ್ತರಿಸಿಹೋಗಿದ್ದ ಬಾಲವನ್ನು ಇಲಾಖೆಯವರು ಹುಡುಕಿ ತಂದು ನನ್ನ ಮಗಳ ಹೆಸರಿಗೆ ಅಂಟಿಸಿದ್ದರು. ಸದುದ್ದೇಶವೇ. ಕಂಪನಿಯವರದೂ ಸದುದ್ದೇಶವೇ.

ಮಾನ್ಯರೇ, ನಾನು ಆ ಫಲಕದ ಮುಂದೆ ನಿಂತು ಯೋಚಿಸಿದೆ. ಹೊಸದಾಗಿಸಬಾರದ್ದನ್ನು ನೀವು ಹೊಸದಾಗಿಸಿದ್ದೀರಿ. ಹೊಸದಾಗಿಸಬೇಕಾದ್ದನ್ನು ನಾನು ಕಸೂತಿ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದೇನೆ. ಒಂದೇ ಚರ್ಚೆಯಲ್ಲಿ ಎರಡು ಕಡೆಯವರೂ ತಪ್ಪು ವಾದ ಮಂಡಿಸಿದರೆ ತೀರ್ಪುಗಾರ ಏನು ಮಾಡಬೇಕು? ತೀರ್ಪುಗಾರರಿರಲಿಲ್ಲ. ಆದ್ದರಿಂದ ನಾನೇ ತೀರ್ಮಾನಿಸಿದೆ. ಅನಾರ್ಕುಲ್‌ಳನ್ನೂ ಕೇಳಲಿಲ್ಲ. ಅವಳು ಮೂರನೆಯ ಸಾಲಿನಲ್ಲಿದ್ದಾಳೆ, ನಿಮ್ಮೊಂದಿಗೇ ಕೇಳುತ್ತಿದ್ದಾಳೆ.

ವೇದಿಕೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದಿರುವುದನ್ನು ಉಡುಗೊರೆಯೆಂದು ತಿಳಿದು ಅಧ್ಯಕ್ಷರು ಈಗಾಗಲೇ ಅದಕ್ಕಾಗಿ ನನಗೆ ಒಮ್ಮೆ ವಂದನೆ ಹೇಳಿದ್ದಾರೆ. ನನ್ನ ಮಾತಿನುದ್ದಕ್ಕೂ ನಿಮಗೆ ಕೇಳಿಸುತ್ತಿರುವ ಗುಂಯ್ ಎಂಬ ಸದ್ದು ಸಭಾಂಗಣದ ಹೀಟರಿನದಲ್ಲ. ಹೀಟರ್ ಕೆಟ್ಟು ಎರಡು ಚಳಿಗಾಲವಾಯಿತು, ಆ ಸಮಸ್ಯೆಯೂ ಎಲ್ಲರಿಗೂ ತಿಳಿದಿದೆ. ಅದು ಅಪ್ಪ. ಈ ಮೈಕಿನ ಮುಂದೆ ಬಂದು ನಿಲ್ಲುವ ಮುನ್ನ, ನಿಮ್ಮ ಚಪ್ಪಾಳೆಯ ನಡುವೆ, ಬಟ್ಟೆ ಸರಿಸಿ ನಾನು "ಈಗ" ಎಂಬುದನ್ನು ಒತ್ತಿದೆ. ಅವಳು ಬರುವವರೆಗೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅವಳು ಬರುವುದಿಲ್ಲ. ಯಾರೂ ದಯವಿಟ್ಟು ತಂತಿ ಕೀಳಬೇಡಿ. ಅದು ಮುಗಿದೊಡನೆ ಕೋಣೆಗೆ ಹೊತ್ತುಕೊಂಡು ಹೋಗಲು ಹಿಂದಿನ ಸಾಲಿನವರು ಬೀಜದ ಸಿಪ್ಪೆ ಗುಡಿಸಿ ಸಿದ್ಧರಾಗಿರಬೇಕು.

ಇನ್ನು ಮುಖ್ಯ ಅತಿಥಿಗಳು ಬಾಗಿಲ ಬಳಿ ಹೋಗಿ ಫಲಕದ ಮೇಲಿನ ಪರದೆ ಎಳೆಯುತ್ತಾರೆ. ಬೆಳಿಗ್ಗೆ ಯಾರೂ ಬರುವ ಮೊದಲೇ ನಾನು ಅಲ್ಲಿಗೆ ಹೋಗಿದ್ದೆ, ಕುರಿ ಸುಲಿಯುವ ಚಾಕು ನನ್ನ ಬಳಿಯಿತ್ತು. ಈ ಚಳಿಗೆ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬಾಲ ಸುಲಭವಾಗಿ ಬಂತು. ಅಲ್ಲಿ ಒಂದು ಗೀರು ಉಳಿದಿದೆ, ಅದು ಹಾಗೆಯೇ ಇರಲಿ. ಹೆಸರಿನ ಕಾಗುಣಿತವನ್ನು ನಾನು ನೋಡಿದ್ದೇನೆ. ಸರಿಯಿದೆ.

ಇಷ್ಟು ಹೊತ್ತು ಚಳಿಯಲ್ಲಿ ಕುಳಿತು ಕೇಳಿದ ನಿಮಗೆ ಧನ್ಯವಾದಗಳು. ಎದ್ದುಹೋಗದ ಅನಾರ್ಕುಲ್‌ಗೂ. ನಮಸ್ಕಾರ.