ಫಿಯಟ್ಟಿನ ಬಲಗಡೆಯ ಸ್ಪ್ರಿಂಗ್

ಹೆಸರು: ನಾಗನಾಥ ತಂದೆ ಶಿವರಾಯಪ್ಪ. ವಯಸ್ಸು: 61 ವರ್ಷ. ಉದ್ಯೋಗ: ನಿವೃತ್ತ ಶಾಲಾ ಮುಖ್ಯೋಪಾಧ್ಯಾಯ. ಸ್ವಂತ ಊರು: ಗೋರ್ಟಾ (ಬಿ). ಹಾಲಿ ವಾಸ: ಕೋಟೆ ಹತ್ತಿರದ ಓಣಿ, ಬಸವಕಲ್ಯಾಣ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ:

ಹುಮನಾಬಾದಿನ ಗಂಜ್ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುವ ಇಸ್ಮಾಯಿಲ, ವಯಸ್ಸು 34, ಇವರ ಬಲಗೈಯನ್ನು ದಿನಾಂಕ 17-1-1979ರ ಬುಧವಾರ ಸಂಜೆ ಬೀದರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದಿದ್ದಾರೆ. ಆ ಕೈ ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಮಹಾರುದ್ರಪ್ಪನವರ ಫಿಯಟ್ ಕಾರಿನ ಕೆಳಗೆ ಜಜ್ಜಿಹೋಯಿತು. ಕಾರಿನ ಮೇಲೆ ಕುಳಿತಿದ್ದ ಹಮಾಲ ಮಡೆಪ್ಪ ಹೇಳದೆ ಕೇಳದೆ ಹಾರಿದ್ದರಿಂದ ಹೀಗಾಯಿತೆಂದು ಮಹಾರುದ್ರಪ್ಪನವರು ಶನಿವಾರ ಅರ್ಜಿ ಕೊಟ್ಟಿದ್ದಾರೆ. ಮಡೆಪ್ಪ ಹಾರಿಲ್ಲ. ಮೊದಲು ಇಳಿದವನು ನಾನು.

ಮಹಾರುದ್ರಪ್ಪನವರು 1950ರಲ್ಲಿ ಏಳನೇ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿ. ಇಂದಿಗೂ ನನ್ನನ್ನು ಗುರುಗಳೆಂದೇ ಕರೆಯುತ್ತಾರೆ. ಕಳೆದ ತಿಂಗಳು ಮಗನ ಸಂಬಂಧ ನೋಡಲು ಬಂದ ಗುಲ್ಬರ್ಗಾದ ಬೀಗರನ್ನು ಅವರು ಇದೇ ಕಾರಿನಲ್ಲಿ ಕರೆದೊಯ್ಯುವಾಗ ಮಂಠಾಳದ ಹತ್ತಿರ ಹಳ್ಳದ ದಾಟಿನಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ತಾಗಿ ನಿಂತಿತು. ಬೀಗರು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿಯಬೇಕಾಯಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಆ ನಗುವನ್ನು ಮಹಾರುದ್ರಪ್ಪನವರಿಗೆ ತಾಳಲಾಗಲಿಲ್ಲ. ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಮುಂದಿನ ಗಾಲಿಗಳಿಗೆ ಎರಡು ಬೇರೆ ಸ್ಪ್ರಿಂಗ್ ತರಿಸಿದರು. ಕಾರು ಎತ್ತರ ನಿಲ್ಲಬೇಕೆಂಬುದು ಅವರ ಹಟ.

ಬುಧವಾರ ಬೆಳಿಗ್ಗೆ 8-30ಕ್ಕೆ ಅವರು ಬಸವಕಲ್ಯಾಣದಿಂದ ಹೊರಟಾಗ ಪೆನ್ಶನ್ ಕಾಗದದ ಕೆಲಸವಿದ್ದ ನನ್ನನ್ನೂ ಹತ್ತಿಸಿಕೊಂಡರು. 9-25ಕ್ಕೆ ಇಸ್ಮಾಯಿಲನ ಅಂಗಡಿ ಮುಟ್ಟಿದೆವು. ಅದೇ ಬೀಗರು ಮಧ್ಯಾಹ್ನ 1-30ರ ಬಸ್ಸಿಗೆ ಹುಮನಾಬಾದಿಗೆ ಇಳಿಯುವವರಿದ್ದರು. ಅಷ್ಟರೊಳಗೆ ಕೆಲಸ ಮುಗಿಯಬೇಕೆಂದು ಮಹಾರುದ್ರಪ್ಪನವರು ಹೇಳಿದರು.

ಇಸ್ಮಾಯಿಲ ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಜೋಡಿಯಾಗಿ ನಿಲ್ಲಿಸಿ ಗೇಣು ಹಾಕಿ ನೋಡಿದನು. ಹೊಸದು ಒಂದೂವರೆ ಇಂಚು ಉದ್ದ, ತಂತಿಯೂ ದಪ್ಪ. ಇದನ್ನು ಒತ್ತಿ ಕೂಡಿಸುವ ಸಾಧನ ಸೊಲ್ಲಾಪುರದಲ್ಲಿದೆ, ತನ್ನ ಹತ್ತಿರ ಇಲ್ಲ, ಶುಕ್ರವಾರದೊಳಗೆ ತರಿಸುತ್ತೇನೆ, ಅಲ್ಲಿಯವರೆಗೆ ಹಳೆಯ ಸ್ಪ್ರಿಂಗಿನ ಮೇಲೇ ಓಡಿಸಿರಿ ಎಂದನು. ನಿನ್ನ ಕೈಲಿ ಆಗದಿದ್ದರೆ ಬೀದರಿನಲ್ಲಿ ನಿನಗಿಂತ ಗಂಡಸರಿದ್ದಾರೆ ಎಂದು ಮಹಾರುದ್ರಪ್ಪನವರು ಹೇಳಿದರು. ಇಸ್ಮಾಯಿಲ ಹೊಸ ಸ್ಪ್ರಿಂಗನ್ನು ಎತ್ತಿಕೊಂಡು, ಹಾಗಾದರೆ ಗಂಜಿನ ಪದ್ಧತಿಯಲ್ಲೇ ಮಾಡೋಣ ಎಂದನು.

ಗಂಜಿನ, ಅಂದರೆ ಕಾಳಿನ ಪೇಟೆಯವರ, ಪದ್ಧತಿ ಹೀಗೆ. ಗಾಲಿ ಬಿಚ್ಚಿ, ಗಾಲಿಯನ್ನು ಹಿಡಿಯುವ ಕೆಳಗಿನ ಕಬ್ಬಿಣದ ತೋಳಿಗೆ ಜಾಕ್ ಕೊಟ್ಟು ಎತ್ತುತ್ತಾರೆ. ಸ್ಪ್ರಿಂಗ್ ಮೇಲಿನ ಗೂಡಿಗೂ ಕೆಳಗಿನ ತೋಳಿಗೂ ನಡುವೆ ಒತ್ತಿಕೊಳ್ಳಬೇಕು. ಗಟ್ಟಿ ಸ್ಪ್ರಿಂಗಾದರೆ ಅದು ಒತ್ತಿಕೊಳ್ಳದೆ ಕಾರನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಮುಂಭಾಗದ ಮೇಲೆ ಹಲಗೆ ಹಾಸಿ, ಪಕ್ಕದ ಅಡತಿ ಅಂಗಡಿಯಿಂದ ಕ್ವಿಂಟಲ್ ತೂಕದ ತೊಗರಿ ಚೀಲಗಳನ್ನು ತಂದಿಟ್ಟು, ಅದರ ಮೇಲೆ ಜನರನ್ನು ಕೂಡಿಸುತ್ತಾರೆ. ಸುಗ್ಗಿಯಲ್ಲಿ ಚೀಲಕ್ಕೂ ಜನಕ್ಕೂ ಅಲ್ಲಿ ಕೊರತೆಯಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆಂದು ಮಡೆಪ್ಪ ನನಗೆ ಹೇಳಿದನು.

ಎರಡು ಚೀಲ ಇಟ್ಟರು. ಮಡೆಪ್ಪ ಹತ್ತಿದನು. ಇನ್ನೂ ಒಬ್ಬರು ಬೇಕೆಂದಾಗ ಹತ್ತಿರದಲ್ಲಿ ನಾನೇ ಇದ್ದೆ. ನಾನು ಅನುಮಾನಿಸಿದ್ದನ್ನು ಕಂಡು ಮಡೆಪ್ಪ, "ಜಿಂದಗಿ ತುಂಬ ಚೀಲ ನನ್ನ ಮ್ಯಾಲ ಕುಂತಾವ್ರಿ ಗುರುಗಳ, ಇವತ್ತ ಚೀಲದ ಮ್ಯಾಲ ನಾ ಕುಂತೀನಿ. ನೀವೂ ಬರ್ರಿ, ಮಜಾ ಅದ" ಎಂದು ಕೈ ಕೊಟ್ಟು ಎಳೆದುಕೊಂಡನು.

ಇಸ್ಮಾಯಿಲ ಕಾರಿನ ಕೆಳಗೆ ಹೋಗುವ ಮುನ್ನ ನಮ್ಮಿಬ್ಬರನ್ನೂ ಮಹಾರುದ್ರಪ್ಪನವರನ್ನೂ ನೋಡಿ ಹೇಳಿದ್ದು ಇಷ್ಟು: "ನಾ ಬಸ್, ಸಾಕು ಅನ್ನೋತನಕ ಯಾರೂ ಹಂದಬ್ಯಾಡ್ರಿ. ಮ್ಯಾಲಿನ ವಜನ ಹೋತಂದ್ರ ನನ್ನ ಕೈ ಹೋತು." ಮಹಾರುದ್ರಪ್ಪನವರು ಆಗಲಿ ಎಂದು ತಲೆಯಾಡಿಸಿದರು. ಅವರು ನನ್ನಿಂದ ನಾಲ್ಕು ಅಡಿ ದೂರದಲ್ಲಿದ್ದರು. ಅವರಿಗೆ ಕೇಳಿಸಲಿಲ್ಲ ಎನ್ನುವಂತಿಲ್ಲ.

ಎಡಗಡೆಯ ಸ್ಪ್ರಿಂಗ್ 11-20ಕ್ಕೆ ಸರಿಯಾಗಿ ಕೂತಿತು. ಇಸ್ಮಾಯಿಲ ಬಸ್ ಎಂದ ಮೇಲೆ ಇಬ್ಬರೂ ಇಳಿದೆವು. ಬಲಗಡೆಗೆ ಚೀಲ ಸರಿಸಿ ಮತ್ತೆ ಹತ್ತಿದೆವು. 11-50ಕ್ಕೆ ಸ್ಪ್ರಿಂಗ್ ಅರ್ಧಕ್ಕಿಂತ ಹೆಚ್ಚು ಒತ್ತಿಕೊಂಡಿತ್ತು. ಇಸ್ಮಾಯಿಲ ಬಲಗೈಯನ್ನು ಒಳಗೆ ಹಾಕಿ ಅದರ ಮೇಲಿನ ತುದಿಯನ್ನು ಗೂಡಿಗೆ ಹೊಂದಿಸುತ್ತಿದ್ದನು. ಆಗ ಹಲಗೆ ಒಂದು ಬದಿಗೆ ಜಾರಿ ಬಾನೆಟ್ಟಿನ ತಗಡು ಟಪ್ ಎಂದು ಒಳಗೆ ಕುಗ್ಗಿತು. ಅಂಗೈಯಷ್ಟು ತಗ್ಗು ಬಿತ್ತು.

ಮಹಾರುದ್ರಪ್ಪನವರು ಓಡಿಬಂದು ನನ್ನನ್ನು ನೋಡಿ, "ಗುರುಗಳ, ನೀವ್ಯಾಕ ಹಮಾಲರ ಜೋಡಿ ಏರಿ ಕುಂತೀರಿ? ನಿಮಗ ಶೋಭಿಸಂಗಿಲ್ಲ, ಇಳೀರಿ" ಎಂದರು. ನಾನು ಇಳಿದೆ. ಇಸ್ಮಾಯಿಲ ಬಸ್ ಅಂದಿರಲಿಲ್ಲ. ಅದು ನನಗೆ ನೆನಪಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು, ನನ್ನ ಧೋತರ ಮೊಣಕಾಲಿನವರೆಗೆ ಏರಿತ್ತು, ಶೋಭಿಸುವುದಿಲ್ಲ ಎಂಬ ಮಾತು ನನಗೆ ಸರಿಯೆನಿಸಿತು. ಮೂವತ್ತೈದು ವರ್ಷ ಮಕ್ಕಳಿಗೆ ಕೊಟ್ಟ ಮಾತಿಗೆ ನಿಲ್ಲಬೇಕೆಂದು ಕಲಿಸಿದ್ದೇನೆ. ಇದನ್ನು ಹೀಗೆಯೇ ಬರೆದುಕೊಳ್ಳಬೇಕು.

ಮಡೆಪ್ಪ ಇಳಿಯಲಿಲ್ಲ. "ಇಸ್ಮಾಯಿಲಣ್ಣ ಇನ್ನಾ ಬಸ್ ಅಂದಿಲ್ರಿ" ಎಂದನು. ಗಾಡಿ ನಿನ್ನ ಇಸ್ಮಾಯಿಲಣ್ಣನ ಅಪ್ಪನದಲ್ಲ ಎಂದು ಹೇಳಿ ಮಹಾರುದ್ರಪ್ಪನವರು ಮಡೆಪ್ಪ ಕುಳಿತಿದ್ದ ಮೇಲಿನ ಚೀಲದ ಎರಡು ಕಿವಿ ಹಿಡಿದು ಎಳೆದರು. ಚೀಲದೊಂದಿಗೆ ಮಡೆಪ್ಪನೂ ನೆಲಕ್ಕೆ ಬಿದ್ದನು. ಕಾರಿನ ಮೂತಿ ಮೇಲಕ್ಕೆದ್ದಿತು, ಜಾಕ್ ವಾಲಿತು, ಕಾರು ಕುಸಿಯಿತು. ಇಸ್ಮಾಯಿಲನ ಕೈ ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿತು. ಅವನು ಒಂದೇ ಸಲ ತಾಯಿಯನ್ನು ಕರೆದನು.

ಮತ್ತೆ ಜಾಕ್ ಕೊಟ್ಟು ಕೈ ಬಿಡಿಸಲು ಮಡೆಪ್ಪನಿಗೂ ನನಗೂ ಆರು ನಿಮಿಷ ಹಿಡಿಯಿತು. ಆ ಆರು ನಿಮಿಷದಲ್ಲಿ ಮಹಾರುದ್ರಪ್ಪನವರು ಬಾನೆಟ್ಟಿನ ತಗ್ಗಿನ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿ, ಓರೆಯಾಗಿ ಬಗ್ಗಿ ನೋಡುತ್ತಿದ್ದರು.

ನಾನು 150 ಗಜ ದೂರದಿಂದ ಡಾಕ್ಟರರನ್ನು ಕರೆತಂದೆ. ಅವರು ಪಟ್ಟಿ ಕಟ್ಟಿ, ಹೆಬ್ಬೆರಳಿನಲ್ಲೂ ಅದರ ಪಕ್ಕದ ಬೆರಳಿನಲ್ಲೂ ಇನ್ನೂ ಜೀವವಿದೆ, ಕೈಯನ್ನು ಮೇಲಕ್ಕೆತ್ತಿ ಹಿಡಿದು ಎರಡೂವರೆ ಗಂಟೆಯೊಳಗೆ ಬೀದರ ಮುಟ್ಟಿಸಿದರೆ ಅಷ್ಟಾದರೂ ಉಳಿಯಬಹುದು ಎಂದರು. ಬೀದರಿನ ಬಸ್ಸು 12-45ಕ್ಕೆ ಇತ್ತು. ನಾನು ಇಸ್ಮಾಯಿಲನನ್ನು ಎಬ್ಬಿಸಲು ಹೋದಾಗ ಮಹಾರುದ್ರಪ್ಪನವರು ತಡೆದರು. "ಬಸ್ಸು ಹಳ್ಳಿಗೊಮ್ಮೆ ನಿಂತಗೋಂತ ಹೋಗ್ತದ. ಈ ಗಾಡಿ ಎದ್ದು ನಿಂತ್ರ ಒಂದ ತಾಸಿನಾಗ ಬೀದರ. ನಾನೇ ಒಯ್ತೀನಿ, ಬಸವಣ್ಣನ ಆಣಿ" ಎಂದರು. ಆ ಆಣೆಯನ್ನು ನಾನು ನಂಬಿದೆ. ಇಸ್ಮಾಯಿಲನೂ ನಂಬಿದನು.

ಸುಮಾರು 12-30ಕ್ಕೆ ಅವನ ಹೆಂಡತಿ ಬಿಸ್ಮಿಲ್ಲಾ ಬೀ ಊಟದ ಡಬ್ಬಿ ತೆಗೆದುಕೊಂಡು ಬಂದರು. ಮೊದಲು ಬೀದರಕ್ಕೆ ಹೋಗೋಣ ಎಂದು ಗಂಡನಿಗೆ ಹೇಳಿದರು. ಗಾಡಿ ಎದ್ದರೆ ಹೋಗೋಣ ಎಂದು ಅವನು ಹೇಳಿದನು. ಆನಂತರ ಅವನು ಗಾಲಿಯ ಪಕ್ಕ ಅಂಗಾತ ಮಲಗಿ, ಎಡಗೈ ಬೆರಳಿನಿಂದ ತೋರಿಸುತ್ತ, ಯಾವ ನಟ್ಟನ್ನು ಯಾವ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಬಿಗಿಯಬೇಕೆಂದು ಮಡೆಪ್ಪನಿಗೆ ಒಂದೊಂದಾಗಿ ಹೇಳಿಕೊಟ್ಟನು. ಬಿಸ್ಮಿಲ್ಲಾ ಬೀ ಅವನ ತಲೆಯ ಹತ್ತಿರ ಕುಳಿತು ಪಟ್ಟಿ ಕಟ್ಟಿದ ಬಲಗೈಯನ್ನು ತನ್ನ ಭುಜಕ್ಕೆ ಆನಿಸಿ ಮೇಲಕ್ಕೆ ಹಿಡಿದಿದ್ದರು. ಈ ಸಲ ಮಹಾರುದ್ರಪ್ಪನವರೇ ಬಾನೆಟ್ ಮೇಲೆ ಹಾಸಲು ಅಂಗಡಿಯಿಂದ ಗೋಣಿತಟ್ಟು ತಂದರು. ನಾಲ್ಕು ಚೀಲ ಹೇರಿದರು. 12-48ಕ್ಕೆ ಬೀದರಿನ ಬಸ್ಸು ನಮ್ಮ ಎದುರಿಗೇ ಹಾದುಹೋಯಿತು. ಎಲ್ಲರೂ ನೋಡಿದೆವು.

1-25ಕ್ಕೆ ಗಾಲಿ ಹಾಕಿ ಮುಗಿಯಿತು. ಕಾರು ಎತ್ತರ ನಿಂತಿತು. ಮಹಾರುದ್ರಪ್ಪನವರು ಒಂದು ಸುತ್ತು ಓಡಿಸಿ ನೋಡಿ ಬರುತ್ತೇನೆ, ಐದು ನಿಮಿಷ, ಅವನನ್ನು ಬಾಗಿಲಿಗೆ ತಂದು ಕೂಡಿಸಿರಿ ಎಂದು ಹೇಳಿ ಹೋದರು. ನಾವು ಇಸ್ಮಾಯಿಲನನ್ನು ಹೊರಗಿನ ಕಲ್ಲಿನ ಮೇಲೆ ಕೂಡಿಸಿದೆವು. ಬಿಸ್ಮಿಲ್ಲಾ ಬೀ ಕೈ ಬದಲಿಸದೆ ಹಾಗೆಯೇ ಹಿಡಿದುಕೊಂಡು ನಿಂತರು. 1-50ರವರೆಗೆ ಕಾಯ್ದೆವು.

ಆಮೇಲೆ ನಾನು ಅರ್ಧ ಕಿಲೋಮೀಟರ್ ದೂರದ ಬಸ್ ನಿಲ್ದಾಣಕ್ಕೆ ನಡೆದು ಹೋದೆ. ಕಾರು ಅಲ್ಲಿ ನಿಂತಿತ್ತು. ಬೀಗರು ನಾಲ್ವರು ಕುಳಿತಿದ್ದರು. ಬೀದರಕ್ಕೆ ಹೊತ್ತಾಯಿತೆಂದು ನಾನು ಹೇಳಿದೆ. ಮಹಾರುದ್ರಪ್ಪನವರು ನನ್ನನ್ನು ಮರೆಗೆ ಕರೆದು, "ಸೀಟಿಗೆ ನಿನ್ನೆ ಹೊಸಾ ಕವರ್ ಹಾಕ್ಸೀನ್ರಿ ಗುರುಗಳ. ರಕ್ತ ಹತ್ತಿದ್ರ ಬೀಗರ ಮುಂದ ಹ್ಯಾಂಗ? ಅವನ್ನ ಬಸ್ಸಿಗೆ ಹಚ್ಚಿ ಬಿಡ್ರಿ. ನೀವು ಬರ್ರಿ, ನಿಮಗ ಮುಂದಿನ ಸೀಟ ಹಿಡದೀನಿ" ಎಂದರು.

ಸೀಟು ಖಾಲಿ ಇತ್ತು. ನಾನು ಕಣ್ಣಾರೆ ನೋಡಿದೆ. ಬಿಳಿಯ ಕವರು, ಅಂಚಿಗೆ ಕೆಂಪು ದಾರ. ಆ ಸೀಟು ಇಸ್ಮಾಯಿಲನಿಗೆ ಸಾಕು, ನನ್ನ ಧೋತರ ಹಾಸುತ್ತೇನೆ ಎಂದೆ. ನಿಮಗೆ ವಯಸ್ಸಾಯಿತು ಎಂದು ನಕ್ಕು ಅವರು ಬಾಗಿಲು ಹಾಕಿಕೊಂಡರು. ನಿಲ್ದಾಣದ ಮುಂದಿನ ತಗ್ಗನ್ನು ಕಾರು ಹೊಟ್ಟೆ ತಾಗಿಸದೆ ದಾಟಿತು. ಬೀಗರಲ್ಲಿ ಹಿರಿಯರು ಏನೋ ಮೆಚ್ಚಿ ಹೇಳಿದ್ದು ಕಿಟಕಿಯಿಂದ ಕೇಳಿಸಿತು.

2-40ಕ್ಕೆ ತೊಗರಿ ಲಾರಿಯೊಂದು ನಮ್ಮನ್ನು ಹತ್ತಿಸಿಕೊಂಡಿತು. 4-35ಕ್ಕೆ ಬೀದರ ಮುಟ್ಟಿದೆವು. ಡಾಕ್ಟರರು ಪಟ್ಟಿ ಬಿಚ್ಚಿ, ಗಾಯವಾಗಿ ಎಷ್ಟು ಹೊತ್ತಾಯಿತೆಂದು ಕೇಳಿದರು. ನಾನು ಹೇಳಿದೆ. ಅವರು ಬಿಸ್ಮಿಲ್ಲಾ ಬೀ ಅವರಿಗೆ ಇನ್ನು ಕೈ ಎತ್ತಿ ಹಿಡಿಯುವ ಅಗತ್ಯವಿಲ್ಲ ಎಂದರು. 7 ಗಂಟೆಗೆ ಕೈ ತೆಗೆದರು.

ದಿನಾಂಕ 21ರ ರವಿವಾರ ಮಹಾರುದ್ರಪ್ಪನವರು ನಮ್ಮ ಮನೆಗೆ ಬಂದರು. ಮಡೆಪ್ಪ ಹಾರಿದನೆಂದು ಅರ್ಜಿ ಕೊಟ್ಟಿದ್ದೇನೆ, ತಾವು ಹೌದು ಅಂದರೆ ಸಾಕು ಎಂದರು. ನಾನು ಒಪ್ಪಲಿಲ್ಲ. ಆಗ ಅವರು, "ಗೋರ್ಟಾದವರು ನೀವು. ನಿಮ್ಮ ಕಾಕಾ ಹ್ಯಾಂಗ ಸತ್ರು ಊರಿಗೆಲ್ಲ ಗೊತ್ತದ. ನೀವು ಆ ಮಂದಿ ಪರ ಸಾಕ್ಷಿ ಹೇಳ್ತೀರೇನ್ರಿ?" ಎಂದರು. 1948ರಲ್ಲಿ ರಜಾಕಾರರು ಗೋರ್ಟಾದಲ್ಲಿ ನನ್ನ ಕಾಕಾನನ್ನೂ ಊರಿನ ಇತರರನ್ನೂ ಕೊಂದಾಗ ನನಗೆ ಮೂವತ್ತು ವರ್ಷ. ಸತ್ತವರ ಹೆಸರು ನನಗೆ ಬಾಯಿಪಾಠವಿದೆ, ಕೊಂದವರಲ್ಲಿ ಗುರುತು ಸಿಕ್ಕವರ ಹೆಸರೂ ಇದೆ. ಇಸ್ಮಾಯಿಲ ಆಗ ಮೂರು ವರ್ಷದ ಕೂಸು. ನನ್ನ ಕಾಕಾನ ಹೆಸರನ್ನು ಒಂದು ಬಾನೆಟ್ಟಿನ ತಗ್ಗು ಮುಚ್ಚಲು ಕೊಡುವುದಿಲ್ಲವೆಂದು ಹೇಳಿ ಅವರನ್ನು ಕಳಿಸಿದೆ.

ನಿನ್ನೆ, ದಿನಾಂಕ 22ರ ಸೋಮವಾರ, ಬೆಳಿಗ್ಗೆ 11ಕ್ಕೆ ಬೀದರಿನಲ್ಲಿ ಇಸ್ಮಾಯಿಲನನ್ನು ಕಂಡೆ. ಜ್ವರವಿತ್ತು. ಅವನು ಕೈಯ ವಿಷಯ ತೆಗೆಯಲಿಲ್ಲ. ನನ್ನನ್ನು ಹತ್ತಿರ ಕರೆದು ಹೇಳಿದ್ದು ಇದು: "ಗುರುಗಳ, ಸಾವಕಾರಗ ಜಲ್ದಿ ಹೇಳ್ರಿ. ಬಲಗಡಿ ಕೆಳಗಿನ ನಟ್ಟಿಗೆ ಅಡ್ಡ ಪಿನ್ನು ಹಾಕಿಲ್ಲ. ಮಡೆಪ್ಪಗ ಗೊತ್ತಿದ್ದಿಲ್ಲ, ನೋವಿನಾಗ ನಾ ಮರ್ತೆ. ಇನ್ನೂರು ಕಿಲೋಮೀಟರ ಒಳಗ ಬಿಗಿ ಮಾಡ್ಸಿ ಪಿನ್ನು ಹಾಕಸ್ಬೇಕು. ಇಲ್ಲಂದ್ರ ನಟ್ಟು ಕಳಚಿ ಗಾಲಿ ಮಲಗ್ತದ. ಗಾಡ್ಯಾಗ ಮಕ್ಕಳು ಮರಿ ಕುಂತಿರ್ತಾವ." ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟೆ.

ಮಹಾರುದ್ರಪ್ಪನವರ ಮನೆ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ನಾನು ಹೋಗಿಲ್ಲ. ನಿನ್ನೆ ಸಂಜೆ 5-40ಕ್ಕೆ ನಾನು ಕಟ್ಟೆಯ ಮೇಲೆ ಕುಳಿತಿರುವಾಗ ಆ ಕಾರು ನನ್ನಿಂದ ಆರು ಅಡಿ ದೂರದಲ್ಲಿ ಹಾದುಹೋಯಿತು. ಅವರು ವೇಗ ಕಡಿಮೆ ಮಾಡಿ ನಮಸ್ಕಾರ ಮಾಡಿದರು. ನಾನೂ ಕೈ ಜೋಡಿಸಿದೆ. ಹಿಂದಿನ ಸೀಟಿನಲ್ಲಿ ಯಾರಿದ್ದರೆಂದು ನೋಡಲಿಲ್ಲ. ಬುಧವಾರದಿಂದ ಅವರು ಹುಮನಾಬಾದಿಗೆ ಎರಡು ಸಲ, ಮಂಠಾಳಕ್ಕೆ ಮೂರು ಸಲ ಹೋಗಿ ಬಂದಿದ್ದಾರೆಂದು ಓಣಿಯಲ್ಲಿ ವಿಚಾರಿಸಿ ತಿಳಿದಿದ್ದೇನೆ. ಇಸ್ಮಾಯಿಲ ಹೇಳಿದ ಇನ್ನೂರು ಕಿಲೋಮೀಟರ್ ತುಂಬಲು ಇನ್ನು ಹೆಚ್ಚು ಉಳಿದಿಲ್ಲ.

ಈ ಸಂಗತಿಯನ್ನು ಮಹಾರುದ್ರಪ್ಪನವರಿಗೆ ನಾನು ತಿಳಿಸಿಲ್ಲ, ಇಲ್ಲಿ ಬರೆಸಿದ್ದೇನೆ. ಈಗ ಗಂಟೆ ಹನ್ನೊಂದೂಕಾಲು.

ಮೇಲಿನದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ನಾನು ಇಳಿದದ್ದನ್ನು ಬರೆದ ಸಾಲನ್ನಾಗಲಿ, ನಟ್ಟಿನ ಸಾಲನ್ನಾಗಲಿ ತೆಗೆಯಬಾರದೆಂದು ಕೋರಿ, ಇದರಲ್ಲಿ ಸುಳ್ಳು ಕಂಡುಬಂದರೆ ಶಿಕ್ಷೆಗೆ ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಹುಮನಾಬಾದ್
ದಿನಾಂಕ: 23-1-1979, ಮಂಗಳವಾರ
(ಸಹಿ) ನಾಗನಾಥ ಶಿವರಾಯಪ್ಪ