ಬೋರ್ಡಿನ ಬೆನ್ನಿಗೆ ಅರಿಷಿಣ

ಸಭೆಯ ಅಧ್ಯಕ್ಷರೂ ನಮ್ಮ ಕಾರಖಾನೆಯ ಮಾಲಕರೂ ಆದ ಬಾಬಾಸಾಹೇಬರೇ, ಶಾಲು ಹಿಡಿದು ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿರುವ ಅವರ ಮನೆಯವರಾದ ಶಾಲನ ವೈನಿಯವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಇಂದ್ರವ್ವ, ಮತ್ತು ಹಿಂದಿನ ಬಾಗಿಲಿನಿಂದ ಬರುತ್ತಿರುವ ಬಟಾಟೆವಡೆಯ ವಾಸನೆಯನ್ನು ಧೈರ್ಯದಿಂದ ಎದುರಿಸುತ್ತಿರುವ ಸಭಿಕರೇ,

ನನಗಿಂತ ಮೊದಲು ಮಾತಾಡಿದವರೆಲ್ಲ ಮರಾಠಿಯಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಮಾತಾಡುವುದು ಇಂದ್ರವ್ವನವರ ಅಪ್ಪಣೆಯಿಂದ. "ಹೊಗಳಾಕ ಸುಳ್ಳ ಹೇಳೂದಿದ್ರ ಮನಿ ಭಾಷಾದಾಗ ಹೇಳ್ರಿ, ಹಯಗ್ರೀವ ಸಾಹೇಬ್ರ," ಅಂದರು. ಸುಳ್ಳು ಹೇಳಬೇಕೆಂದೇ ಒಂದು ಪುಟ ಬರೆದು ತಂದಿದ್ದೆ. ಆದರೆ ಅಧ್ಯಕ್ಷರು ಆರಂಭದಲ್ಲೇ ತಮ್ಮ ಹಳೆಯ ಚೇಷ್ಟೆ ಮಾಡಿದರು, ಕನ್ನಡದಲ್ಲಿ ಹೇಳುವುದಾದರೆ: "ದಸರಾದಾಗ ಹೊಲಸ ಬೋರ್ಡ ಕೊಟ್ಟಾಕಿ ಇಕೀನ!" ನೀವು ನಕ್ಕಿರಿ. ನಾನೂ ನಕ್ಕೆ. ಹನ್ನೊಂದು ವರ್ಷದಿಂದ ನಗುತ್ತ ಬಂದಿದ್ದೇನೆ. ಯಾಕೆ ನಕ್ಕೆ? ಅದನ್ನು ಹೇಳಬೇಕಾದರೆ ಈ ಪುಟ ಮಡಚಬೇಕು. ಮಡಚಿದೆ.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಮಹಾನಗರಪಾಲಿಕೆ ಆಗುವ ಹಿಂದಿನ ವರ್ಷ. ಹಾಲಿನ ಡೇರಿಯ ತಕ್ಕಡಿ ಕೂಡ ಕೆಂಪು ಅಂಕಿ ತೋರಿಸತೊಡಗಿದ್ದ ಕಾಲ. ಆ ತಕ್ಕಡಿಯೊಳಗಿನ ಸಣ್ಣ ಬೋರ್ಡು ನಮ್ಮದು. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸಬೇಕು, ಐದರಲ್ಲೇ ಹಿಡಿದಿಡಬೇಕು, ಅಷ್ಟೇ ಅದರ ಕೆಲಸ. ಇನ್ನೂರು ಬೋರ್ಡಿನ ಮೊದಲ ದೊಡ್ಡ ಆರ್ಡರು; ಬೋರ್ಡಿಗೆ ಬಿಡಿಭಾಗ ಬೆಸೆಯುತ್ತಿದ್ದವರು ಇಂದ್ರವ್ವ. ದಸರೆಯ ಆಯುಧಪೂಜೆ, ಅಂದರೆ ನಮ್ಮ ಖಂಡೆಪೂಜೆಯ ದಿನ ಒಳ್ಳೆಯದೆಂದು, ಮಾದರಿ ನೋಡಲು ಕೊಲ್ಹಾಪುರದ ಗಿರಾಕಿ ಅಂದೇ ನಾಲ್ಕು ಗಂಟೆಗೆ ಬರುವವರಿದ್ದರು.

ಪೂಜೆಗೆ ಸೋಲ್ಡರಿಂಗ್ ಐರನ್ ಇಟ್ಟೆವು, ಮೀಟರ್ ಇಟ್ಟೆವು, ಇನ್ನೂರು ಬೋರ್ಡುಗಳ ಪರವಾಗಿ ಆ ಮಾದರಿಯ ಬೋರ್ಡನ್ನೇ ಇಟ್ಟೆವು. "ನಮ್ಮ ಹಯಗ್ರೀವ ಎಂಜಿನಿಯರೂ ಹೌದು, ಆಚಾರ್ರ ಮಗಾನೂ ಹೌದು. ಒಂದ ಪಗಾರದಾಗ ಎರಡೂ ಆತು," ಎಂದು ಮಾಲಕರು ಪೂಜೆಗೆ ನನ್ನನ್ನೇ ಕೂರಿಸಿದರು. ನಾನು ಭಕ್ತಿ ಹೆಚ್ಚಾಗಿ ಬೋರ್ಡಿನ ಮುಂದೆ, ಬೆನ್ನಿಗೆ, ಎರಡೂ ಕಡೆ ನೀರಲ್ಲಿ ಕಲಸಿದ ಅರಿಷಿಣ ಕುಂಕುಮ ಹಚ್ಚಿದೆ.

ಮೂರು ಗಂಟೆಗೆ ಬೋರ್ಡು ಚಾಲೂ ಮಾಡಿದರೆ ಐದರ ಬದಲು ಹತ್ತಿರ ಹತ್ತಿರ ಆರು! ಚಿಪ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಡಯೋಡ್ ಬದಲಿಸಿದೆ. ಬದಲಾಗದೆ ಉಳಿದದ್ದು ಮೀಟರಿನ ಮುಳ್ಳೊಂದೇ. ಇಳಿಸುವುದೇ ಕಸುಬಾದ ಬೋರ್ಡು ಅಂದು ವೋಲ್ಟೇಜ್ ಬಿಟ್ಟು ನನ್ನ ಮಾನ ಇಳಿಸತೊಡಗಿತ್ತು. ನೌಕರಿಗೆ ಸೇರಿ ಮೂರು ತಿಂಗಳು. ಮಾಲಕರು ಬಂದು "ಏನಾತೋ?" ಅಂದರು.

"ಇಂದ್ರವ್ವ ತಪ್ಪ ರೆಸಿಸ್ಟರ್ ಹಾಕ್ಯಾಳರಿ," ಅಂದೆ.

ನೋಡಿದ್ದೆನೇ? ಇಲ್ಲ. ಅಳೆದಿದ್ದೆನೇ? ಇಲ್ಲ. ಅಂದುಬಿಟ್ಟೆ.

"ಒಂದರಾಗ ಹಾಕಿದಾಕಿ ಇನ್ನೂರರಾಗೂ ಹಾಕಿರ್ತಾಳ. ನಾಳಿಂದ ಬರೂದ ಬ್ಯಾಡ ಅನ್ನು ಅಕೀಗೆ," ಎಂದು ಮಾಲಕರು ಗಿರಾಕಿಯನ್ನು ಎದುರುಗೊಳ್ಳಲು ಹೋದರು.

ಇಂದ್ರವ್ವ ಮೂರು ಸ್ಟೂಲಿನಾಚೆ ಕೂತು ಎಲ್ಲ ಕೇಳಿದ್ದರು. ಅಳಲಿಲ್ಲ, ಬೈಯಲಿಲ್ಲ, ಬೋರ್ಡು ಕಸಿದುಕೊಂಡರು. ರೆಸಿಸ್ಟರ್ ಬಿಚ್ಚಿ ಅಳೆದರು. "ಬರೋಬ್ಬರಿ ಐತಿ, ನೋಡ್ರಿ." ಆಮೇಲೆ ನಾಲ್ಕು ವರ್ಷ ಕಾಲೇಜಿನಲ್ಲಿ ನನಗೆ ಹೊಳೆಯದ ಕೆಲಸ ಮಾಡಿದರು: ರೆಸಿಸ್ಟರ್ ತೆಗೆದ ಖಾಲಿ ಜಾಗಕ್ಕೆ ಮೀಟರ್ ಹಿಡಿದರು. "ಸಾಹೇಬ್ರ, ಇಲ್ಲೀಗ ಏನೂ ಇಲ್ಲ. ಮತ್ತ ಮುಳ್ಳು ಯಾಕ ಏಳಾಕತ್ತೈತಿ?" ಬೋರ್ಡು ತಿರುವಿ ಮೂಸಿ ನೋಡಿದರು. "ಅರಿಷಿಣ."

ಆ ಜಾಗದಿಂದಲೇ ಬೋರ್ಡು ತಾನು ಎಷ್ಟು ಕೊಡುತ್ತಿದ್ದೇನೆಂದು ತಿಳಿದುಕೊಳ್ಳುತ್ತದೆ. ಹಸಿ ಅರಿಷಿಣ ಕುಂಕುಮದೊಳಗಿಂದ ಕರೆಂಟು ಸೋರಿ, ಅದಕ್ಕೆ "ಕಡಿಮೆ ಬಿತ್ತು" ಎಂಬ ಸುಳ್ಳು ವರದಿ ಮುಟ್ಟುತ್ತಿತ್ತು. ಅದು ನಂಬಿ ಏರಿಸುತ್ತಿತ್ತು. ಅಂದು ಸುಳ್ಳು ವರದಿ ನಂಬಿ ಕೆಟ್ಟವರು ಇಬ್ಬರು, ಒಂದು ಆ ಬೋರ್ಡು, ಇನ್ನೊಬ್ಬರು ನಮ್ಮ ಅಧ್ಯಕ್ಷರು.

ಬೋರ್ಡಿನ ಬೆನ್ನಿಗೆ ಬೆರಳಚ್ಚು ಸ್ಪಷ್ಟ ಮೂಡಿತ್ತು. ಇಂದ್ರವ್ವ ಅದನ್ನು ನೋಡಿದರು, ನನ್ನ ಹಳದಿ ಬೆರಳು ನೋಡಿದರು. ನಾನು ಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಅವರು ಸ್ಪಿರಿಟ್ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ, ಅದೇ ರೆಸಿಸ್ಟರ್ ಮತ್ತೆ ಕೂರಿಸಿದರು. ಐದು! ಗಿರಾಕಿಯೊಡನೆ ಬಂದ ಮಾಲಕರು "ಏನಾಗಿತ್ತ?" ಅಂದರು.

"ಹೊಲಸ ಕುಂತಿತ್ತರಿ. ತೊಳದೇನಿ."

"ಮೊದಲ ತೊಳದ ಕೊಡಾಕ ನಿನಗೇನಾಗಿತ್ತ?"

ಇಂದ್ರವ್ವ ಬ್ರಷ್ಷು ಒರೆಸಿ ಡಬ್ಬಿಯಲ್ಲಿಟ್ಟರು. ಅವರ ನೌಕರಿ ಉಳಿಯಿತು, ಹೆಸರೂ ಉಳಿಯಿತು, ಹೊಲಸ ಬೋರ್ಡಿನಾಕಿ ಎಂದು.

ಸಂಜೆ ಅವರು ಕವಲಾಪುರದ ಬಸ್ಸಿಗೆ ನಿಂತಿದ್ದಾಗ ಕೇಳಿದೆ, "ಯಾಕ ಹೇಳಲಿಲ್ಲರಿ?"

"ಹೇಳಿದ್ರ ನಿಮ್ಮನ್ನ ಮನಿಗೆ ಕಳಸ್ತಿದ್ರು. ಹೊಸಾಬರು ಬಂದ್ರ ಅವರಿಗೂ ಮೊದಲಿಂದ ಕಲಿಸಬೇಕಲ್ಲ! ನಾಳೆ ಲಗೂ ಬರ್ರಿ."

ಲಗೂ ಹೋದೆ, ಎಲ್ಲರಿಗಿಂತ ಮೊದಲೇ. ಅಳೆಯದೆ ಮಾತಾಡಬಾರದೆಂದು ಅವರಿಂದ ಕಲಿತೆ. ಇಂದು ಇದೇ ಕಾರಖಾನೆಯ ಮ್ಯಾನೇಜರ್ ಎಂದು ನಿಂತಿರುವುದು ಆ ಕಲಿಕೆಯ ಋಣ.

ಬಾಬಾಸಾಹೇಬರೇ, ಆ ಬೆರಳು ಇದು, ನನ್ನದು. ಬರುವ ದಸರೆಯಿಂದ ಆ ಚೇಷ್ಟೆ ದಯವಿಟ್ಟು ನನ್ನ ಹೆಸರಿನಲ್ಲಿ ನಡೆಯಲಿ. ಇಂದ್ರವ್ವ ಅಲ್ಲಿಂದ ಕುಂದ್ರಿ ಎಂದು ಕೈ ಮಾಡುತ್ತಿದ್ದಾರೆ. ಹನ್ನೊಂದು ವರ್ಷ ನೀವು ಹೇಳಿದ್ದೆಲ್ಲ ಕೇಳಿದ್ದೇನೆ ಇಂದ್ರವ್ವ, ಇದೊಂದು ಕೇಳುವುದಿಲ್ಲ.

ಶಾಲನ ವೈನಿ, ಸತ್ಕಾರದ ತಾಟಿನಲ್ಲಿ ಅರಿಷಿಣ ಕುಂಕುಮ ಕಾಣುತ್ತಿದೆ. ಅದು ನಿಮ್ಮ ಕೈಯಲ್ಲೇ ಇರಲಿ, ಇಂದ್ರವ್ವನವರಿಗೆ ಕೊಡಲು ನನ್ನ ಕೈಗೆ ತೆಂಗಿನಕಾಯಿ ಸಾಕು. ಇಷ್ಟು ಹೊತ್ತು ವಡೆ ಆರಲು ಬಿಟ್ಟು ಕೇಳಿದ ನಿಮಗೆಲ್ಲ ಧನ್ಯವಾದ. ಇನ್ನು, ಅಂದು ಕಿಸೆಯಲ್ಲಿ ಬಚ್ಚಿಟ್ಟ ಈ ಕೈಯನ್ನು ಹೊರಗೆ ತೆಗೆದು, ಇನ್ನೊಂದು ಕೈಗೆ ಜೋಡಿಸಿ... ಇಂದ್ರವ್ವ, ನಿಮಗೆ ನಮಸ್ಕಾರ.